ಮನೆಯಲ್ಲೇ ರೆಕಾರ್ಡಿಂಗ್: ಕೈಗೆಟುಕುವ ಸ್ಟುಡಿಯೊ ಮೈಕ್ ಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

"ಕಡಿಮೆ ದುಡ್ಡಿಗೆ ಯಾವ ಮೈಕ್ ಒಳ್ಳೆಯದು?" ಎಂದು ಕೇಳುವವರಿಗೆ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ: ನಿಮ್ಮ ಮೈಕಿಗೆ ಏನೇನು ಕೇಳಿಸಬಾರದು? ಫ್ಯಾನಿನ ಗುಂಯ್‌ಗುಡುವಿಕೆಯೇ, ರಸ್ತೆಯ ಹಾರನ್ನೇ, ಗೋಡೆಗೆ ಬಡಿದು ಮರಳಿ ಬರುವ ನಿಮ್ಮದೇ ದನಿಯೇ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಮೈಕಿನ ಆಯ್ಕೆ ಅರ್ಧ ಮುಗಿದಂತೆ. ಸಿಗದಿದ್ದರೆ ಎಷ್ಟೇ ಹೊಗಳಿಸಿಕೊಂಡ ಮೈಕ್ ತಂದರೂ ಮನೆಯಲ್ಲಿ ನಿರಾಸೆ ತಪ್ಪದು.

ನಾನು ಮೊದಲು ಕೊಂಡದ್ದು ಒಂದು ಕಂಡೆನ್ಸರ್ ಮೈಕ್. ಎಲ್ಲರೂ ಅದನ್ನು ಮೆಚ್ಚಿದ್ದರು. ಬರಿಗೋಡೆಯ ಕೋಣೆಯಲ್ಲಿ ಕೂತು ರೆಕಾರ್ಡ್ ಮಾಡಿ ಕೇಳಿದರೆ ದನಿ ಬಾವಿಯೊಳಗಿಂದ ಬಂದಂತಿತ್ತು. ಹಿಂದೆ ಗೋಡೆ ಗಡಿಯಾರದ ಟಿಕ್ ಟಿಕ್. ಮೈಕೇ ಕೆಟ್ಟಿದೆ ಎಂದುಕೊಂಡು ಅಂಗಡಿಗೆ ಹೋಗಿ ಬದಲಾಯಿಸಿಕೊಂಡು ಬಂದೆ. ಹೊಸದರಲ್ಲೂ ಅದೇ ಬಾವಿ, ಅದೇ ಗಡಿಯಾರ. ತಿಂಗಳುಗಳಾದ ಮೇಲೆ ಒಂದು ದಿನ ಅದೇ ಮೈಕನ್ನು ಗೆಳೆಯನ ಮಲಗುವ ಕೋಣೆಯಲ್ಲಿ, ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು, ಅದಕ್ಕೆ ಬೆನ್ನು ಮಾಡಿ ನಿಂತು ಹಾಡಿದೆ. ದನಿ ಕಿವಿಯ ಪಕ್ಕದಲ್ಲೇ ನಿಂತಂತೆ ಕೇಳಿಸಿತು. ಮೈಕಿನಲ್ಲಿ ಯಾವ ದೋಷವೂ ಇರಲಿಲ್ಲ. ಅದು ನನ್ನ ಕೋಣೆಯನ್ನು ಇದ್ದದ್ದು ಇದ್ದ ಹಾಗೆ ಕೇಳಿಸಿಕೊಂಡಿತ್ತು, ಅಷ್ಟೆ.

ಮೊದಲ ಹೆಜ್ಜೆ: ಕೋಣೆಯನ್ನು ರೆಕಾರ್ಡ್ ಮಾಡಿ

ಒಂದು ಪೈಸೆ ಖರ್ಚು ಮಾಡುವ ಮುನ್ನ ಮೊಬೈಲಿನಲ್ಲೇ ಈ ಪರೀಕ್ಷೆ ಮಾಡಿ. ನೀವು ರೆಕಾರ್ಡ್ ಮಾಡಲಿರುವ ಜಾಗದಲ್ಲಿ, ಮಾಡಲಿರುವ ಹೊತ್ತಿನಲ್ಲೇ, ಎರಡು ನಿಮಿಷ ಸುಮ್ಮನೆ ಕೂತು ಮೌನವನ್ನು ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ದನಿ ಪೂರ್ತಿ ಏರಿಸಿ ಕೇಳಿ. ಫ್ರಿಜ್ಜು, ಕಂಪ್ಯೂಟರಿನ ಒಳಗಿನ ಫ್ಯಾನು, ಮೇಲಿನ ಮನೆಯ ಹೆಜ್ಜೆ ಸದ್ದು, ಹೀಗೆ ಕಿವಿ ಎಂದೋ ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟ ಸದ್ದುಗಳೆಲ್ಲ ಎದ್ದು ಬರುತ್ತವೆ. ಒಂದು ಚೀಟಿಯಲ್ಲಿ ಬರೆದಿಡಿ. ಯಾವುದನ್ನು ನಿಲ್ಲಿಸಬಹುದು, ಯಾವುದನ್ನು ಆಗದು ಎಂದು ಗುರುತು ಹಾಕಿ. ಉಳಿದ ಅಂಗಡಿ ಕೆಲಸವೆಲ್ಲ ಆ ಚೀಟಿಯ ಮೇಲೇ ನಿಲ್ಲುತ್ತದೆ.

ಇನ್ನೊಂದು ಪರೀಕ್ಷೆ ಚಪ್ಪಾಳೆಯದು. ಕೋಣೆಯಲ್ಲಿ ನಿಂತು ಒಂದೇ ಒಂದು ಗಟ್ಟಿ ಚಪ್ಪಾಳೆ ತಟ್ಟಿ. ಅದರ ಬೆನ್ನಿಗೇ ತಗಡು ನಡುಗಿದಂತೆ "ಟರ್ರ್" ಎಂಬ ಬಾಲ ಕೇಳಿಸಿದರೆ ಎದುರುಬದುರಿನ ಬರಿಗೋಡೆಗಳು ಸದ್ದನ್ನು ಚೆಂಡಿನಂತೆ ಆಡಿಸುತ್ತಿವೆ ಎಂದು ಅರ್ಥ. ದಪ್ಪ ಪರದೆ, ಹಾಸಿಗೆ, ಪುಸ್ತಕದ ಕಪಾಟು, ಕಂಬಳಿ, ಕೈಗೆ ಸಿಕ್ಕಿದ್ದನ್ನು ಹಾಕಿ ಮತ್ತೆ ತಟ್ಟಿ ನೋಡಿ. ಬಾಲ ಗಿಡ್ಡವಾಗುವುದು ಕಿವಿಗೇ ತಿಳಿಯುತ್ತದೆ.

ಕಂಬಳಿ ಎಲ್ಲಿ ಕಟ್ಟಬೇಕು ಎಂಬಲ್ಲಿ ಬಹಳ ಮಂದಿ ಎಡವುತ್ತಾರೆ. ಮೈಕಿನ ಹಿಂದಿನ ಗೋಡೆಗೆ ಫೋಮ್ ಅಂಟಿಸಿ ಕೆಲಸ ಆಯಿತು ಎಂದುಕೊಳ್ಳುತ್ತಾರೆ. ಮನೆ ಬಳಕೆಯ ಹೆಚ್ಚಿನ ಮೈಕುಗಳು ಕಾರ್ಡಿಯಾಯ್ಡ್ ಬಗೆಯವು. ಎದುರಿನದನ್ನು ಚೆನ್ನಾಗಿ ಕೇಳಿ, ನೇರ ಬೆನ್ನ ಹಿಂದಿನದನ್ನು ಅತಿ ಕಡಿಮೆ ಕೇಳುವುದು ಇವುಗಳ ಸ್ವಭಾವ. ಮೈಕ್ ನಿಮ್ಮ ಮುಖ ನೋಡುತ್ತಿದೆ ಎಂದರೆ ನಿಮ್ಮ ಬೆನ್ನ ಹಿಂದಿನ ಗೋಡೆಯನ್ನೂ ನೋಡುತ್ತಿದೆ. ಆದ್ದರಿಂದ ಮೊದಲ ಕಂಬಳಿ ನಿಮ್ಮ ಬೆನ್ನ ಹಿಂದೆ, ಎರಡನೆಯದು ಪಕ್ಕಗಳಿಗೆ. ಮೈಕಿನ ಬೆನ್ನನ್ನು ಕಂಪ್ಯೂಟರಿನ ಕಡೆಗೋ ಕಿಟಕಿಯ ಕಡೆಗೋ ತಿರುಗಿಸಿ. ಎರಡು ಸೆಂಟಿಮೀಟರ್ ದಪ್ಪದ ಫೋಮ್ ತುಂಡುಗಳಿಂದ ಬಹಳ ನಿರೀಕ್ಷೆ ಬೇಡ. ಅವು ಕೀಚಲು ಸದ್ದನ್ನಷ್ಟೇ ತಗ್ಗಿಸುತ್ತವೆ. 100 ಹರ್ಟ್ಸ್‌ನ ಗಡಸು ಸದ್ದಿನ ಅಲೆಯ ಉದ್ದ ಸುಮಾರು ಮೂರೂವರೆ ಮೀಟರ್. ಅಷ್ಟು ತೆಳು ಫೋಮ್ ಅದಕ್ಕೆ ಯಾವ ಲೆಕ್ಕ!

ಡೈನಮಿಕ್ ಬೇಕೋ, ಕಂಡೆನ್ಸರ್ ಬೇಕೋ

ಡೈನಮಿಕ್ ಮೈಕಿನಲ್ಲಿ ದನಿಯ ಒತ್ತಡಕ್ಕೆ ಒಂದು ಪೊರೆ ಅಲುಗುತ್ತದೆ, ಅದಕ್ಕೆ ಅಂಟಿದ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಆಡಿ ವಿದ್ಯುತ್ ಹುಟ್ಟುತ್ತದೆ. ಕಂಡೆನ್ಸರಿನಲ್ಲಿ ಕೂದಲಿಗಿಂತ ತೆಳುವಾದ ಲೋಹಲೇಪಿತ ಪೊರೆಯೂ ಅದರ ಹಿಂದಿನ ಗಟ್ಟಿ ಫಲಕವೂ ಸೇರಿ ವಿದ್ಯುತ್ ಹಿಡಿದಿಡುವ ಕೆಪಾಸಿಟರ್ ಆಗಿ ಕೆಲಸ ಮಾಡುತ್ತವೆ. ಸುರುಳಿ ಹೊರುವ ಭಾರವಿಲ್ಲದ್ದರಿಂದ ಆ ಪೊರೆ ಸಣ್ಣ ಸದ್ದಿಗೂ ಥಟ್ಟನೆ ಸ್ಪಂದಿಸುತ್ತದೆ. ಗಿಟಾರ್ ತಂತಿಯ ಮೇಲೆ ಉಗುರು ತಾಗುವ ಸದ್ದು, ಹಾಡಿನ ನಡುವೆ ಎಳೆದುಕೊಳ್ಳುವ ಉಸಿರು ಬಿಡಿಬಿಡಿಯಾಗಿ ಸಿಗುವುದು ಅದರಿಂದಲೇ. ಆದರೆ ಒಳಗಿನ ಸರ್ಕಿಟ್‌ಗೆ ಶಕ್ತಿ ಬೇಕು. 48 ವೋಲ್ಟ್‌ನ ಫ್ಯಾಂಟಮ್ ಪವರ್ ಅದೇ ಕೇಬಲ್ಲಿನಲ್ಲಿ ಹರಿದು ಬರುತ್ತದೆ.

"ಡೈನಮಿಕ್ ಮೈಕಿಗೆ ಕೋಣೆಯ ಸದ್ದು ಕೇಳಿಸುವುದಿಲ್ಲ" ಎಂಬ ಮಾತನ್ನು ಎಲ್ಲೆಲ್ಲೂ ಕೇಳುತ್ತೇವೆ. ಅದರಲ್ಲಿ ಸತ್ಯ ಅರ್ಧವೇ. ಎರಡೂ ಕಾರ್ಡಿಯಾಯ್ಡ್ ಆಗಿದ್ದು, ಎರಡನ್ನೂ ಬಾಯಿಂದ ಒಂದೇ ದೂರದಲ್ಲಿಟ್ಟು, ದನಿಯ ಮಟ್ಟ ಸಮ ಮಾಡಿ ಕೇಳಿದರೆ ಫ್ಯಾನಿನ ಸದ್ದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇರುತ್ತದೆ. ವ್ಯತ್ಯಾಸ ಮಾಡುವುದು ದೂರ. ಡೈನಮಿಕ್ ಮೈಕನ್ನು ತುಟಿಗೆ ನಾಲ್ಕೈದು ಸೆಂಟಿಮೀಟರ್ ಹತ್ತಿರ ತಂದರೂ ಅದು ತಾಳಿಕೊಳ್ಳುತ್ತದೆ. ಕಂಡೆನ್ಸರಿಗೆ ಹದಿನೈದು ಇಪ್ಪತ್ತು ಸೆಂಟಿಮೀಟರ್ ಆದರೂ ಬೇಕು. ದೂರ ಅರ್ಧಕ್ಕೆ ಇಳಿದ ಪ್ರತಿ ಸಲವೂ ನಿಮ್ಮ ದನಿ ಸುಮಾರು 6 ಡೆಸಿಬಲ್ ಏರುತ್ತದೆ, ಕೋಣೆಯ ಸದ್ದು ಇದ್ದಲ್ಲೇ ಇರುತ್ತದೆ. 20 ಸೆಂಟಿಮೀಟರಿನಿಂದ 5ಕ್ಕೆ ಬಂದಿರಿ ಎಂದರೆ 12 ಡೆಸಿಬಲ್ ಲಾಭ. ಯಾವ ಸಾಫ್ಟ್‌ವೇರೂ ಇಷ್ಟು ಸಲೀಸಾಗಿ ಇಷ್ಟು ಶುಚಿಯಾದ ದನಿ ಕೊಡುವುದಿಲ್ಲ.

ಈಗ ಚೀಟಿ ತೆಗೆದು ನೋಡಿ. ನಿಲ್ಲಿಸಲಾಗದ ಸದ್ದು ಬಹಳ ಇದ್ದು, ನೀವು ಮಾಡುವುದು ಮಾತಿನ ಅಥವಾ ಹಾಡಿನ ರೆಕಾರ್ಡಿಂಗ್ ಆಗಿದ್ದರೆ ಡೈನಮಿಕ್ ತೆಗೆದುಕೊಳ್ಳಿ. ಶೂರ್ ಕಂಪನಿಯ ಎಸ್‌ಎಂ 57 ಬಂದದ್ದು 1965ರಲ್ಲಿ, ಎಸ್‌ಎಂ 58 ಮರುವರ್ಷ. ಎರಡೂ ಇಂದಿಗೂ ತಯಾರಾಗುತ್ತಿವೆ, ಸ್ಟುಡಿಯೊಗಳಲ್ಲೂ ವೇದಿಕೆಗಳಲ್ಲೂ ದುಡಿಯುತ್ತಿವೆ. ಗಿಟಾರ್ ಆಂಪ್ಲಿಫೈಯರ್, ತಬಲಾ, ಡ್ರಮ್ಮಿನಂಥ ಜೋರು ಸದ್ದಿಗೆ 57 ಒಳ್ಳೆಯ ಜೊತೆಗಾರ. ಅದೇ ನಿಮ್ಮದು ಶಾಂತ ಕೋಣೆಯಾಗಿದ್ದು ಗಿಟಾರ್, ಕೊಳಲು, ಪಿಸುದನಿಯ ಕಥೆ ಓದುವಿಕೆ ಇಂಥವು ಮನಸ್ಸಿನಲ್ಲಿದ್ದರೆ ಕಂಡೆನ್ಸರ್ ಕೊಳ್ಳಿ. ಆಡಿಯೊ ಟೆಕ್ನಿಕಾ ಎಟಿ 2020, ಎಟಿ 2035, ರೋಡ್ ಎನ್‌ಟಿ1 ಈ ದರ್ಜೆಯಲ್ಲಿ ನಂಬಬಹುದಾದ ಹೆಸರುಗಳು. ತೆಳು ಲೋಹದ ಪಟ್ಟಿಯಿಂದ ಕೆಲಸ ಮಾಡುವ ರಿಬ್ಬನ್ ಮೈಕಿನ ದನಿ ಬಲು ಮೃದು, ನನಗೆ ಬಹಳ ಇಷ್ಟ. ಆದರೆ ಅದು ನಾಜೂಕಿನ ವಸ್ತು, ಮೊದಲ ಖರೀದಿಗೆ ಬೇಡ.

ಯುಎಸ್‌ಬಿ ಅಥವಾ ಎಕ್ಸ್‌ಎಲ್‌ಆರ್

ಒಬ್ಬರೇ, ಒಂದೇ ದನಿ, ಕಂಪ್ಯೂಟರಿಗೆ ನೇರ ಚುಚ್ಚಿ ಕೆಲಸ ಶುರು ಮಾಡಬೇಕು ಎಂದರೆ ಯುಎಸ್‌ಬಿ ಮೈಕ್ ಸಾಕು. ಹೆಡ್‌ಫೋನ್ ಕಿಂಡಿ ಮೈಕಿನಲ್ಲೇ ಇರುವುದನ್ನು ಆರಿಸಿ. ಇಲ್ಲದಿದ್ದರೆ ನಿಮ್ಮ ದನಿ ನಿಮಗೇ ತಡವಾಗಿ ಕೇಳಿಸಿ ತಾಳ ತಪ್ಪುತ್ತದೆ. ನಾಳೆ ಇಬ್ಬರು ಸೇರಿ ಹಾಡಬೇಕು, ಗಿಟಾರ್ ಮತ್ತು ದನಿ ಬೇರೆ ಬೇರೆ ಟ್ರ್ಯಾಕಿಗೆ ಬರಬೇಕು ಎಂಬ ಆಸೆ ಇದ್ದರೆ ಯುಎಸ್‌ಬಿ ದಾರಿ ಅಲ್ಲಿಗೇ ನಿಲ್ಲುತ್ತದೆ. ಎರಡು ಯುಎಸ್‌ಬಿ ಮೈಕುಗಳನ್ನು ಒಟ್ಟಿಗೆ ಓಡಿಸುವುದು ತಲೆನೋವು, ಏಕೆಂದರೆ ಒಂದೊಂದರ ಒಳಗಿನ ಗಡಿಯಾರವೂ ತನ್ನದೇ ಲೆಕ್ಕದಲ್ಲಿ ಓಡುತ್ತದೆ.

ಎಕ್ಸ್‌ಎಲ್‌ಆರ್ ಎಂದರೆ ಮೂರು ಪಿನ್ನಿನ ಕೇಬಲ್. ಜೊತೆಗೆ ಆಡಿಯೊ ಇಂಟರ್‌ಫೇಸ್ ಎಂಬ, ಮೈಕಿನ ದನಿಯನ್ನು ಕಂಪ್ಯೂಟರಿಗೆ ತಲುಪಿಸುವ ಪೆಟ್ಟಿಗೆ ಬೇಕು. ಖರ್ಚು ಹೆಚ್ಚು, ಆದರೆ ಮೈಕ್ ಬದಲಾಯಿಸಿದರೂ ಪೆಟ್ಟಿಗೆ ಉಳಿಯುತ್ತದೆ, ಪೆಟ್ಟಿಗೆ ಬದಲಾಯಿಸಿದರೂ ಮೈಕ್ ಉಳಿಯುತ್ತದೆ. ಎರಡೂ ಕಿಂಡಿ ಇರುವ ಮೈಕುಗಳೂ ಇವೆ: ಸ್ಯಾಮ್ಸನ್ ಕ್ಯೂ2ಯು, ಶೂರ್ ಎಂವಿ7 ಇಂಥವು. ಇಂದು ಯುಎಸ್‌ಬಿಯಲ್ಲಿ ಶುರು ಮಾಡಿ ನಾಳೆ ಇಂಟರ್‌ಫೇಸಿಗೆ ಹೋಗಬಹುದು. ದಾರಿ ಇನ್ನೂ ಖಚಿತವಾಗದ ಹೊಸಬರಿಗೆ ನಾನು ಹೇಳುವುದು ಇಂಥದ್ದನ್ನೇ.

ಸ್ಟುಡಿಯೊ ಮೈಕಿನ ವೇಷದಲ್ಲಿ ಬರುವ ಅತಿ ಅಗ್ಗದ ಕಿಟ್‌ಗಳ ಬಗ್ಗೆ ಎಚ್ಚರ. ದೊಡ್ಡ ಜಾಲರಿಯ ತಲೆ, ಒಳಗೆ ಗುಂಡಿಯಷ್ಟು ಸಣ್ಣ ಕ್ಯಾಪ್ಸೂಲ್ (ದನಿ ಹಿಡಿಯುವ ಭಾಗ), ಕೊನೆಗೆ ಮೊಬೈಲ್ ಇಯರ್‌ಫೋನಿನಂಥ 3.5 ಮಿಲಿಮೀಟರ್ ಪಿನ್. ಕ್ಯಾಪ್ಸೂಲ್ ಸಣ್ಣದಾದ ಮಾತ್ರಕ್ಕೆ ಕೆಟ್ಟದ್ದಲ್ಲ. ಆದರೆ ಆ ಪಿನ್ನನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ಲ್ಯಾಪ್‌ಟಾಪಿನೊಳಗಿನ ಸುಂಯ್ ಸದ್ದೂ ದನಿಯೊಂದಿಗೆ ಬೆರೆಯುತ್ತದೆ.

ಡಬ್ಬಿಯ ಮೇಲಿನ ಅಂಕಿಗಳಲ್ಲಿ ಯಾವುದು ಮುಖ್ಯ

"20ರಿಂದ 20,000 ಹರ್ಟ್ಸ್" ಎಂಬ ಸಾಲು ಬಹಳಷ್ಟು ಡಬ್ಬಿಗಳ ಮೇಲೆ ಇರುತ್ತದೆ, ಅದೊಂದರಿಂದ ಏನೂ ತಿಳಿಯದು. ಯಾವ ಹರ್ಟ್ಸಿಗೆ ಮೈಕ್ ಎಷ್ಟು ಸ್ಪಂದಿಸುತ್ತದೆ ಎಂದು ತೋರಿಸುವ ಗ್ರಾಫ್ ಹುಡುಕಿ ನೋಡಿ. 5 ಸಾವಿರದಿಂದ 10 ಸಾವಿರ ಹರ್ಟ್ಸ್ ನಡುವೆ ಗೆರೆ ಗುಡ್ಡದಂತೆ ಏರಿದ್ದರೆ ಅದು ಹೊಳಪಿನ ಮೈಕ್. ಮಂಕು ದನಿಗೆ ಅದರಿಂದ ಜೀವ ಬರುತ್ತದೆ, ಆದರೆ ಸ, ಶ, ಷ ಸದ್ದು ಮೊದಲೇ ಚೂಪಾಗಿರುವವರ ದನಿ ಕಿವಿಗೆ ಚುಚ್ಚುತ್ತದೆ.

ಮೈಕಿನ ಸ್ವಂತ ಗದ್ದಲ, ಅಂದರೆ ಸೆಲ್ಫ್ ನಾಯ್ಸ್, ಕಂಡೆನ್ಸರಿನಲ್ಲಿ ನೋಡಲೇಬೇಕಾದ ಅಂಕಿ. ಎನ್‌ಟಿ1ರಲ್ಲಿ 4 ಡೆಸಿಬಲ್, ಎಟಿ 2035ರಲ್ಲಿ 12, ಎಟಿ 2020ರಲ್ಲಿ 20. ಕಡಿಮೆಯಿದ್ದಷ್ಟೂ ಒಳ್ಳೆಯದು ನಿಜ. ಆದರೆ ನಡುರಾತ್ರಿಯ ಶಾಂತ ಮಲಗುವ ಕೋಣೆಯಲ್ಲೂ 30 ಡೆಸಿಬಲ್ ಆಸುಪಾಸು ಸದ್ದು ಇದ್ದೇ ಇರುತ್ತದೆ. ಎದುರು ನಿಂತು ಗಟ್ಟಿಯಾಗಿ ಹಾಡುವವರಿಗೆ 4ಕ್ಕೂ 12ಕ್ಕೂ ವ್ಯತ್ಯಾಸ ಕೇಳಿಸದು. ಒಂದು ಅಡಿ ದೂರದಿಂದ ಮೆಲ್ಲಗೆ ಗಿಟಾರ್ ಮೀಟುವವರಿಗೆ 20ರ ಮೈಕ್ ತೆಳುವಾದ "ಸ್ಸ್" ಎಂಬ ಸದ್ದು ತೋರಿಸುತ್ತದೆ. ಅವರಿಗೆ ಈ ಅಂಕಿಗಾಗಿ ಕೊಡುವ ಹಣ ಸಾರ್ಥಕ.

ಮೂರನೆಯದು ಸೆನ್ಸಿಟಿವಿಟಿ, ಅಂದರೆ ಸದ್ದಿಗೆ ಮೈಕ್ ಎಷ್ಟು ವಿದ್ಯುತ್ ಕೊಡುತ್ತದೆ ಎಂಬ ಅಳತೆ. ಇದನ್ನು ಕಡೆಗಣಿಸಿ ಬಹಳ ಮಂದಿ ಪೇಚಿಗೆ ಸಿಲುಕಿದ್ದಾರೆ. ಒಂದೇ ಮಟ್ಟದ ಸದ್ದಿಗೆ ಎಟಿ 2020 ಸುಮಾರು 14 ಮಿಲಿವೋಲ್ಟ್ ಕೊಡುವಲ್ಲಿ, ಶೂರ್ ಎಸ್‌ಎಂ 7ಬಿ ಎಂಬ ಹೆಸರಾಂತ ಡೈನಮಿಕ್ ಕೊಡುವುದು ಸುಮಾರು 1.1 ಮಿಲಿವೋಲ್ಟ್. ಹನ್ನೆರಡು ಪಟ್ಟಿಗೂ ಹೆಚ್ಚು ಅಂತರ! ಅದಕ್ಕೆ ಇಂಟರ್‌ಫೇಸಿನಲ್ಲಿ 60 ಡೆಸಿಬಲ್ಲಿನಷ್ಟು ಶುಚಿಯಾದ ಗೇನ್, ಅಂದರೆ ದನಿ ಏರಿಸುವ ಶಕ್ತಿ, ಇರಬೇಕು. ಇಲ್ಲದಿದ್ದರೆ ಗುಂಡಿ ಪೂರ್ತಿ ತಿರುಗಿಸಿದರೂ ದನಿ ಕ್ಷೀಣ, ಗದ್ದಲ ಧಾರಾಳ. ಆಗ ನಡುವೆ ದನಿ ಏರಿಸುವ ಇನ್ನೊಂದು ಸಣ್ಣ ಪೆಟ್ಟಿಗೆ, ಪ್ರಿಆಂಪ್, ಕೊಳ್ಳಬೇಕಾಗುತ್ತದೆ, ಅಗ್ಗದ ಲೆಕ್ಕವೆಲ್ಲ ಕೈತಪ್ಪುತ್ತದೆ. ಡೈನಮಿಕ್ ಆರಿಸುವವರು ಮೈಕಿಗಿಂತ ಮೊದಲು ಇಂಟರ್‌ಫೇಸಿನ ಗೇನ್ ಅಂಕಿ ನೋಡಿ.

ಹಣ ಹಂಚುವ ಬಗೆ

ಇರುವುದನ್ನೆಲ್ಲ ಮೈಕಿಗೇ ಸುರಿಯಬೇಡಿ. ಇಂಟರ್‌ಫೇಸ್ ದಾರಿ ಹಿಡಿದವರಿಗೆ ನನ್ನ ಲೆಕ್ಕ ಇದು: ಮೂರರಲ್ಲಿ ಒಂದು ಪಾಲು ಮೈಕಿಗೆ, ಒಂದು ಇಂಟರ್‌ಫೇಸಿಗೆ, ಉಳಿದದ್ದು ಸ್ಟ್ಯಾಂಡ್, ಕೇಬಲ್, ಬಾಯಿಯ ಗಾಳಿ ತಡೆಯುವ ಪಾಪ್ ಫಿಲ್ಟರ್ ಮತ್ತು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿಗೆ. ಹಿಂಬದಿ ತೆರೆದ ಹೆಡ್‌ಫೋನಾದರೆ ಅದರಿಂದ ಸೋರುವ ಸಂಗೀತವೂ ಮೈಕಿಗೆ ಹೋಗುತ್ತದೆ. ಸ್ಟ್ಯಾಂಡಿನಲ್ಲಿ ಉಳಿತಾಯ ಬೇಡ. ಹಗುರ ಸ್ಟ್ಯಾಂಡ್ ಭಾರದ ಕಂಡೆನ್ಸರ್ ಹೊತ್ತು ನಿಧಾನಕ್ಕೆ ಬಾಗಿ, ಹಾಡಿನ ನಡುವೆ ತಲೆ ಇಳಿಸುತ್ತದೆ. ತಿರುಪಿನಲ್ಲಿ 5/8 ಅಂಗುಲ, 3/8 ಅಂಗುಲ ಎಂಬ ಎರಡು ಅಳತೆಗಳಿವೆ; ಒಂದು ಸಣ್ಣ ಅಡಾಪ್ಟರ್ ಜೊತೆಗಿದ್ದರೆ ಪೇಚಾಟ ತಪ್ಪುತ್ತದೆ.

ಕೇಳಿ ನೋಡಿ, ಆಮೇಲೆ ಕೊಳ್ಳಿ

ಬೇರೆಯವರ ದನಿಯಲ್ಲಿ ಮೈಕಿನ ಪರೀಕ್ಷೆ ಕೇಳಿ ತೀರ್ಮಾನಿಸಬೇಡಿ. ಅವರ ಗಂಟಲು ಬೇರೆ, ಕೋಣೆ ಬೇರೆ. ಸಾಧ್ಯವಿದ್ದರೆ ಗೆಳೆಯರಿಂದ ಒಂದು ದಿನಕ್ಕೆ ತಂದು, ಇಲ್ಲವೇ ಹಿಂತಿರುಗಿಸಲು ಅವಕಾಶವಿರುವ ಕಡೆ ಕೊಂಡು, ಸ್ವಂತ ಕೋಣೆಯಲ್ಲಿ ಪರೀಕ್ಷಿಸಿ. ನಾನು ಯಾವಾಗಲೂ ಓದುವುದು ಎರಡು ವಾಕ್ಯ: "ಪುಟ್ಟ ಪಾಪು ಪಟಪಟನೆ ಫಲಕ ಬಡಿಯಿತು. ಶಶಿ ಸಸಿಗೆ ಸೋಸಿದ ನೀರು ಸುರಿಸಿದಳು." ಮೊದಲನೆಯದರಲ್ಲಿ ಪ, ಫ, ಬಗಳ ಗಾಳಿ ಮೈಕಿಗೆ ಹೇಗೆ ಬಡಿಯುತ್ತದೆ ಎಂದು ಗೊತ್ತಾಗುತ್ತದೆ, ಎರಡನೆಯದರಲ್ಲಿ ಸಕಾರಗಳ ಚೂಪು. ಅನಂತರ ನೀವು ಹಾಡುವ ಅತಿ ಮೆಲ್ಲನೆಯ ಸಾಲು, ಅತಿ ಜೋರಿನ ಸಾಲು. ಕೊನೆಗೆ ಅರ್ಧ ನಿಮಿಷ ಮೌನ.

ಎರಡು ಮೈಕುಗಳನ್ನು ಹೋಲಿಸುವಾಗ ಎರಡರ ದನಿಯನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿ. ಒಂದು ಕೂದಲೆಳೆಯಷ್ಟು ಜೋರಾಗಿದ್ದರೂ ಕಿವಿ ಅದನ್ನೇ "ಚೆನ್ನಾಗಿದೆ" ಎನ್ನುತ್ತದೆ. ಯಾವುದು ಯಾವುದೆಂದು ಗೊತ್ತಾಗದಂತೆ ಮನೆಯವರಿಂದ ಹಾಕಿಸಿ ಕೇಳಿದರೆ ಇನ್ನೂ ಒಳ್ಳೆಯದು. ದುಬಾರಿ ಮೈಕನ್ನು ಕಿವಿ ತಳ್ಳಿಹಾಕಿದ್ದನ್ನು ನಾನು ಹೀಗೆ ಎಷ್ಟೋ ಸಲ ಕಂಡಿದ್ದೇನೆ.

ಬಳಸಿದ ಮೈಕ್ ಕೊಳ್ಳುವುದಾದರೆ ಡೈನಮಿಕ್ ಧೈರ್ಯವಾಗಿ ಕೊಳ್ಳಬಹುದು. ಜಾಲರಿ ತಗ್ಗಿದ್ದರೂ ಒಳಗೆ ಸರಿಯಿರುವುದೇ ಹೆಚ್ಚು. ಕಂಡೆನ್ಸರ್ ಆದರೆ ಗೇನ್ ಏರಿಸಿ ಮೌನ ರೆಕಾರ್ಡ್ ಮಾಡಿ ಕೇಳದೆ ಹಣ ಕೊಡಬೇಡಿ. ಚಟಪಟ ಸದ್ದು ಬಂದರೆ ಒಳಗೆ ತೇವ ಅಥವಾ ದೂಳು ಸೇರಿದೆ. ಎಸ್‌ಎಂ 57, 58ಗಳ ನಕಲಿಗಳು ಲೋಕದೆಲ್ಲೆಡೆ ಹರಡಿವೆ. ಅಸಲಿ 58ರ ತೂಕ 298 ಗ್ರಾಮ್. ಕೈಗೆ ಹಗುರ ಅನ್ನಿಸಿದರೆ, ಬೆಲೆ ನಂಬಲಾಗದಷ್ಟು ಇಳಿದಿದ್ದರೆ ಬಿಟ್ಟುಬಿಡಿ. ಹೊಸದನ್ನು ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಿ.

ಮನೆಗೆ ತಂದ ಮೇಲೆ

ಹಿಂತಿರುಗಿಸುವ ಗಡುವು ಮುಗಿಯುವ ಮುನ್ನ ಎಲ್ಲವನ್ನೂ ಪರೀಕ್ಷಿಸಬೇಕು, ಆದ್ದರಿಂದ ಡಬ್ಬಿ, ರಟ್ಟು ಎಸೆಯಬೇಡಿ. ಮೊದಲು ಮೈಕಿನ ಮುಖ ಯಾವುದು ನೋಡಿಕೊಳ್ಳಿ. ದಪ್ಪ ಕಂಡೆನ್ಸರುಗಳಲ್ಲಿ ಹೆಚ್ಚಿನವು ಪಕ್ಕದಿಂದ ಕೇಳುವವು, ಲಾಂಛನವಿರುವ ಬದಿಯೇ ಸಾಮಾನ್ಯವಾಗಿ ಮುಖ. ತುದಿಗೆ ಬಾಯಿಟ್ಟು ಹಾಡಿ "ದನಿ ಮಂಕಾಗಿದೆ" ಎನ್ನುವವರನ್ನು ಕಂಡಾಗ ಮೈಕನ್ನು ಮೆಲ್ಲನೆ ತಿರುಗಿಸಿಟ್ಟಿದ್ದೇನೆ, ಅವರ ಮುಖ ಅರಳಿದ್ದನ್ನೂ ನೋಡಿದ್ದೇನೆ.

ಕಂಡೆನ್ಸರಾದರೆ ಕೇಬಲ್ ಸಿಕ್ಕಿಸಿ, ಆಮೇಲೆ 48 ವೋಲ್ಟ್ ಗುಂಡಿ ಒತ್ತಿ. ತೆಗೆಯುವಾಗ ಮೊದಲು ಗುಂಡಿ ಆರಿಸಿ, ಕೆಲವು ಸೆಕೆಂಡ್ ಬಿಟ್ಟು ಕೇಬಲ್ ಎಳೆಯಿರಿ. ಬಾಯಿಗೂ ಕಂಡೆನ್ಸರಿಗೂ ಒಂದು ಗೇಣು, ನಡುವೆ ಪಾಪ್ ಫಿಲ್ಟರ್. ಗಾಳಿ ಇನ್ನೂ ಬಡಿಯುತ್ತಿದ್ದರೆ ಮೈಕನ್ನು ನೇರ ಬಾಯೆದುರು ಇಡದೆ ಸ್ವಲ್ಪ ಪಕ್ಕಕ್ಕೆ ಸರಿಸಿ ಬಾಯಿಯ ಕಡೆಗೆ ಓರೆ ಮಾಡಿ. ಸಕಾರದ ಚೂಪಿಗೂ ಇದೇ ಮದ್ದು. ಕಾರ್ಡಿಯಾಯ್ಡ್ ಮೈಕಿಗೆ ಹತ್ತಿರವಾದಷ್ಟೂ ಗಡಸು ಹೆಚ್ಚುತ್ತದೆ. ತೆಳುದನಿಯವರಿಗೆ ಅದು ವರ, ದಪ್ಪದನಿಯವರು ಎರಡು ಬೆರಳು ಹಿಂದೆ ಸರಿಯಲಿ.

ಸಾಫ್ಟ್‌ವೇರಿನಲ್ಲಿ 24 ಬಿಟ್, 48 ಕಿಲೋಹರ್ಟ್ಸ್ ಇಟ್ಟುಕೊಳ್ಳಿ. ಹಾಡಿನ ಅತಿ ಜೋರಿನ ಸಾಲು ಹಾಡುತ್ತಾ ಮೀಟರ್ ಮೈನಸ್ 12 ಡೆಸಿಬಲ್ ಸುತ್ತ ನಿಲ್ಲುವಂತೆ ಗೇನ್ ಹೊಂದಿಸಿ. ಕೆಂಪು ದೀಪ ಹತ್ತಿದರೆ ಅಲ್ಲಿ ಒಡೆದ ದನಿಯನ್ನು ಆಮೇಲೆ ಯಾರೂ ಸರಿಮಾಡಲಾರರು, ಕಡಿಮೆಯಾದ ದನಿಯನ್ನು ಏರಿಸಬಹುದು.

ಕೆಲಸ ಮುಗಿದ ಮೇಲೆ ಕಂಡೆನ್ಸರನ್ನು ಸ್ಟ್ಯಾಂಡಿನ ಮೇಲೇ ಬಿಡಬೇಡಿ. ತೇವವೂ ದೂಳೂ ಅದರ ಶತ್ರು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕಾಳುಗಳ ಬಣ್ಣ ಬದಲಾಗುವ ಬಗೆಯ ಪೊಟ್ಟಣವಾದರೆ ಯಾವಾಗ ಬದಲಿಸಬೇಕೆಂದು ಅದೇ ತಿಳಿಸುತ್ತದೆ. ಮಳೆ ಹಿಡಿದ ದಿನಗಳಲ್ಲಿ ಮೈಕ್ ಚಟಪಟ ಎಂದರೆ ಗಾಬರಿ ಬೇಡ, ಒಂದು ರಾತ್ರಿ ಆ ಡಬ್ಬಿಯಲ್ಲಿಟ್ಟು ಮರುದಿನ ಮತ್ತೆ ಅರ್ಧ ನಿಮಿಷದ ಮೌನ ರೆಕಾರ್ಡ್ ಮಾಡಿ ಕೇಳಿ.